ಸಿಸೇರಿಯನ್ ನೋವಿಗೆ ಮಾತ್ರೆ ತಗೊಂಡರೆ ಹಾಲು ಕುಡಿಯುವ ಮಗುವಿಗೆ ತೊಂದರೆನಾ?

ಹೊಸ ಅಮ್ಮ, ಮೈಸೂರು:
ಕಳೆದ ವಾರ ಸಿಸೇರಿಯನ್ ಆಯಿತು, ಈಗ ತವರಿನಲ್ಲಿದ್ದೇನೆ. ಪ್ಯಾರಾಸಿಟಮಾಲ್ 650 ಆರು ಗಂಟೆಗೊಂದು, ಐಬುಪ್ರೊಫೆನ್ 400 ಎಂಟು ಗಂಟೆಗೊಂದು ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ಮಾತ್ರ ಎಲ್ಲರದ್ದೂ ಒಂದೇ ಮಾತು, ಹಾಲಿನಲ್ಲಿ ಮಗುವಿಗೆ ಹೋಗುತ್ತದೆ, ತಡ್ಕೋ ಅಂತ. ತಡೆದುಕೊಂಡು ತಡೆದುಕೊಂಡು ರಾತ್ರಿ ಮಗ್ಗುಲು ಬದಲಿಸುವುದಕ್ಕೂ ಆಗುತ್ತಿಲ್ಲ. ಪಕ್ಕದ ಮನೆ ಆಂಟಿ ತಮ್ಮ ಹತ್ತಿರ ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಉಳಿದಿದೆ, ಒಂದು ಹಾಕಿಕೋ, ನಿದ್ದೆ ಬರುತ್ತದೆ ಎಂದರು. ಏನು ಮಾಡಲಿ?

ಎರಡು ಮಕ್ಕಳ ತಾಯಿ:
ತಡ್ಕೋ ಎನ್ನುವವರಲ್ಲಿ ನಾರ್ಮಲ್ ಡೆಲಿವರಿ ಆದವರೇ ಜಾಸ್ತಿ, ಗಮನಿಸಿದ್ದೀರಾ? ನನಗೆ ಎರಡೂ ಸಿಸೇರಿಯನ್. ನೋವು ಜೋರಾದ ಮೇಲೆ ನುಂಗಿದರೆ ಮಾತ್ರೆ ಕೆಲಸ ಮಾಡುವಷ್ಟರಲ್ಲಿ ಜೀವ ಹೋಗಿರುತ್ತದೆ, ಅದಕ್ಕೇ ಮೊದಲ ಕೆಲವು ದಿನ ನೋವು ಇರಲಿ ಬಿಡಲಿ ಗಡಿಯಾರ ನೋಡಿ ತಗೊಳ್ಳಿ. ನೋವಿದ್ದರೆ ಮಗುವನ್ನು ಎತ್ತಿಕೊಳ್ಳುವುದೂ ಕಷ್ಟ, ಹಾಲೂಡಿಸುವುದೂ ಕಷ್ಟ. ಏಳುವಾಗ ನೇರವಾಗಿ ಏಳಬೇಡಿ. ಮೊಣಕಾಲು ಮಡಚಿ, ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ. ಕೆಮ್ಮು ಬಂದರೆ ಹೊಲಿಗೆ ಮೇಲೆ ದಿಂಬು ಒತ್ತಿ ಹಿಡಿಯಿರಿ.

ವಾರ್ಡ್ ನರ್ಸ್:
ಆ ಟ್ರಮಡಾಲ್ ಮುಟ್ಟಬೇಡಿ. ಅದು ಅಫೀಮಿನ ಜಾತಿಯ ಔಷಧಿ. ಕೆಲವರ ದೇಹ ಅದನ್ನು ತುಂಬಾ ಬೇಗ ಜೋರಾದ ರೂಪಕ್ಕೆ ಬದಲಾಯಿಸುತ್ತದೆ, ಆಗ ಹಾಲಿನ ಮೂಲಕ ಮಗುವಿಗೆ ಮಂಪರು, ಉಸಿರಾಟದ ತೊಂದರೆ ಆಗಬಹುದು. ಹಾಲೂಡಿಸುವವರು ಟ್ರಮಡಾಲ್, ಅದೇ ಜಾತಿಯ ಕೋಡೀನ್ ಬಳಸಬಾರದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಕೋಡೀನ್ ಇರುವ ಕೆಮ್ಮಿನ ಸಿರಪ್ಪೂ ಅಷ್ಟೇ. ಮೇಲಾಗಿ ಟ್ರಮಡಾಲ್‌ನಿಂದ ಮಲಬದ್ಧತೆ ಬೇರೆ, ಹೊಲಿಗೆ ಇರುವಾಗ ತಿಣುಕುವ ಪಾಡು ಯಾರಿಗೂ ಬೇಡ.

ನಿಮಗೆ ಬರೆದಿರುವ ಎರಡೂ ಹಾಲಿಗೆ ಬರುವುದು ತೀರಾ ಕಡಿಮೆ. ಜ್ವರ ಬಂದರೆ ಮಕ್ಕಳಿಗೇ ಪ್ಯಾರಾಸಿಟಮಾಲ್ ಡ್ರಾಪ್ಸ್ ಕೊಡುತ್ತಾರಲ್ವಾ? ಹಾಲಿನಲ್ಲಿ ಹೋಗುವುದು ಅದಕ್ಕಿಂತ ಎಷ್ಟೋ ಕಮ್ಮಿ.

ನಾನು ಜಾಸ್ತಿ ನೋಡುವ ತೊಂದರೆ ಬೇರೆ. ಮನೆಯವರು ಮೆಡಿಕಲ್ ಶಾಪಿನಿಂದ ಅಸಿಕ್ಲೊಫೆನಾಕ್ ಮತ್ತು ಪ್ಯಾರಾಸಿಟಮಾಲ್ ಸೇರಿದ ಮಾತ್ರೆ ತರುತ್ತಾರೆ, ಜೊತೆಗೆ 650 ಕೂಡ ನಡೆಯುತ್ತಿರುತ್ತದೆ. ಆಗ ಪ್ಯಾರಾಸಿಟಮಾಲ್ ಡಬಲ್. ದಿನಕ್ಕೆ 4 ಗ್ರಾಂ ದಾಟಿದರೆ ಲಿವರ್‌ಗೆ ಅಪಾಯ, ತೂಕ 50 ಕೆಜಿಗಿಂತ ಕಡಿಮೆ ಇದ್ದರೆ ಮಿತಿ ಇನ್ನೂ ಕಡಿಮೆ. ಐಬುಪ್ರೊಫೆನ್ ಜೊತೆಗೂ ಅಸಿಕ್ಲೊಫೆನಾಕ್, ಡೈಕ್ಲೊಫೆನಾಕ್ ಸೇರಿಸಬಾರದು, ಮೂರೂ ಒಂದೇ ಗುಂಪು. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಆಸ್ತಮಾ, ಬಿಪಿ ಇದ್ದರೆ, ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ ಕೊಡುತ್ತಿದ್ದರೆ ಐಬುಪ್ರೊಫೆನ್‌ಗೆ ಮೊದಲು ಡಾಕ್ಟರನ್ನು ಕೇಳಿ.

ದಾವಣಗೆರೆ ಅಪ್ಪ:
ನಾವು ಯಾವ ಮಾತ್ರೆ ಎಷ್ಟು ಗಂಟೆಗೆ ಅಂತ ಬರೆದು ಬೀರುವಿಗೆ ಅಂಟಿಸಿದ್ದೆವು. ನಿದ್ದೆಗೆಟ್ಟ ಮನೆಯಲ್ಲಿ ಯಾರಿಗೂ ಏನೂ ನೆನಪಿರುವುದಿಲ್ಲ. ಗಂಡಂದಿರೇ, ಇದು ನಮ್ಮ ಕೆಲಸ.

ಹೊಸ ಅಮ್ಮ, ಮೈಸೂರು:
ಎಲ್ಲರಿಗೂ ಥ್ಯಾಂಕ್ಸ್. ಎರಡೂ ಮಾತ್ರೆ ಒಟ್ಟಿಗೆ ನುಂಗಬಹುದಾ? ಹಾಲೂಡಿಸುವಾಗ ಕಿಬ್ಬೊಟ್ಟೆ ಹಿಂಡಿದ ಹಾಗೆ ಆಗುತ್ತದೆ, ಅದು ಹೊಲಿಗೆಯದ್ದಾ? ಅಜ್ಜಿ ಹೊಟ್ಟೆಗೆ ಸೀರೆ ಬಿಗಿಯಾಗಿ ಸುತ್ತಬೇಕು ಅಂತ ಬೇರೆ ಹಟ ಹಿಡಿದಿದ್ದಾರೆ.

ವಾರ್ಡ್ ನರ್ಸ್:
ಒಟ್ಟಿಗೆ ತಗೊಳ್ಳಬಹುದು, ಎರಡೂ ಕೆಲಸ ಮಾಡುವ ದಾರಿ ಬೇರೆ ಬೇರೆ. ಐಬುಪ್ರೊಫೆನ್ ಊಟ ಆದ ಮೇಲೆ. ಆ ಹಿಂಡುವ ನೋವು ಗರ್ಭಕೋಶ ಕುಗ್ಗುವಾಗಿನದ್ದು, ಅದಕ್ಕೆ ಐಬುಪ್ರೊಫೆನ್ ಚೆನ್ನಾಗಿ ಕೇಳುತ್ತದೆ. ಕಡಿಮೆಯಾಗುತ್ತಿದ್ದ ನೋವು ತಿರುಗಿ ಏರಿದರೆ, 100.4 ಡಿಗ್ರಿ ಜ್ವರ, ಹೊಲಿಗೆಯಲ್ಲಿ ಕೀವು, ಒಂದೇ ಕಾಲು ಊದುವುದು, ಕೂತರೆ ಜೋರಾಗುವ ತಲೆನೋವು, ಇದರಲ್ಲಿ ಯಾವುದಾದರೂ ಕಂಡರೆ ಮಾತ್ರೆ ನುಂಗಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸೀರೆ ಸುತ್ತಿದರೆ ಓಡಾಡುವಾಗ ಹಾಯೆನಿಸಿದರೆ ಸುತ್ತಿಕೊಳ್ಳಿ, ಆದರೆ ಉಸಿರು ಕಟ್ಟುವಷ್ಟು ಬಿಗಿ ಬೇಡ. ಹೊಲಿಗೆಗೆ ಉಜ್ಜುತ್ತಿದ್ದರೆ, ಬೆವರಿ ಒದ್ದೆಯಾದರೆ ಬಿಚ್ಚಿಬಿಡಿ, ಅಜ್ಜಿ ಬೈದರೂ ಪರವಾಗಿಲ್ಲ.