ಹೊಡೆಯದೆ ಪಡೆದ ತಪ್ಪೊಪ್ಪಿಗೆನೂ ಮಿಲಿಟರಿ ಕೋರ್ಟಲ್ಲಿ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ:
ಕ್ಯೂಬಾದಲ್ಲಿರೋ ಅಮೆರಿಕದ ಸೇನಾ ಜೈಲು ಗ್ವಾಂಟನಾಮೋದ ಆರೋಪಿ ಅಲ್-ನಶಿರಿ ಕೇಸ್ ಬಗ್ಗೆ ಓದ್ತಿದ್ದೆ, 2000ರಲ್ಲಿ ಯೆಮೆನ್‌ನ ಏಡನ್ ಬಂದರಲ್ಲಿ ಯುಎಸ್‌ಎಸ್ ಕೋಲ್ ಅನ್ನೋ ಅಮೆರಿಕದ ಯುದ್ಧನೌಕೆ ಪಕ್ಕ ಸ್ಫೋಟಕ ತುಂಬಿದ ದೋಣಿ ಸಿಡಿಸಿ 17 ನಾವಿಕರನ್ನ ಕೊಂದ ಕೇಸ್ ಅದು. 2007ರಲ್ಲಿ ಎಫ್‌ಬಿಐನವರು, ನೌಕಾಪಡೆ ತನಿಖೆಯವರು ಕೂತು ಕೇಳಿದಾಗ ಒಪ್ಕೊಂಡನಂತೆ, ಆಗ ಯಾರೂ ಅವನ ಮೈ ಮುಟ್ಟಿರಲಿಲ್ಲ. ಆದ್ರೂ 2023ರ ಆಗಸ್ಟ್‌ನಲ್ಲಿ ಜಡ್ಜ್ ಕರ್ನಲ್ ಅಕೋಸ್ಟಾ ಅದನ್ನ ಸಾಕ್ಷ್ಯವಾಗಿ ತಗೊಳಲ್ಲ ಅಂದ್ಬಿಟ್ರು. ಬಲವಂತ ಇಲ್ದೆ ಹೇಳಿದ್ದು ತಾನೆ, ಯಾಕೆ ಬಿಟ್ರು?

ಉತ್ತರ:
2007 ಒಂದನ್ನೇ ನೋಡಿದ್ರೆ ಹಾಗೇ ಅನ್ಸುತ್ತೆ, ಅದರ ಹಿಂದಿನ ನಾಲ್ಕು ವರ್ಷನೂ ಸೇರಿಸಿ ನೋಡಿ. 2002ರಲ್ಲಿ ಹಿಡಿದ್ಮೇಲೆ 2006ರ ತನಕ ಸಿಐಎ ಅವನನ್ನ ಗುಪ್ತ ಜೈಲುಗಳಲ್ಲಿ ಇಟ್ಟಿತ್ತು, ಮುಖದ ಮೇಲೆ ನೀರು ಸುರಿದು ಉಸಿರು ಕಟ್ಟಿಸಿದ್ರು, ಮುಸುಕು ಹಾಕಿ ನಿಲ್ಲಿಸಿ ಹತ್ತಿರದಲ್ಲೇ ಡ್ರಿಲ್ ಮಷೀನ್ ಗಿರ್ರ್ ಅಂತ ಓಡಿಸಿದ್ರು. ಬಾಯಿ ಬಿಡದಿದ್ರೆ ಏನಾಗುತ್ತೆ ಅಂತ ಮೈಮೇಲೇ ಪಾಠ ಆದವನ ಮುಂದೆ ಕೆಲವೇ ತಿಂಗಳಲ್ಲಿ ಅದೇ ದೇಶದ ಬೇರೆ ಅಧಿಕಾರಿಗಳು ಬಂದು ಕೂತ್ರೆ, ಇವರು ಹೊಡೆಯೋರಲ್ಲ ಅಂತ ಅವನಿಗೆ ಹೇಗೆ ನಂಬಿಕೆ ಬರ್ಬೇಕು ಹೇಳಿ? ಜಡ್ಜ್ ಹೇಳಿದ್ದೂ ಇದನ್ನೇ, ಅವನಲ್ಲಿ ಎದುರು ನಿಲ್ಲೋ ಶಕ್ತಿ ಏನಿತ್ತೋ ಅದನ್ನ ವರ್ಷಗಳ ಹಿಂದೇನೇ ಹೊಡೆದು ತೆಗೆದಿದ್ರು ಅಂತ.

ಇನ್ನೊಂದು ಉತ್ತರ:
ಕಾನೂನೂ ಬದಲಾಗಿದೆ. ಗ್ವಾಂಟನಾಮೋ ಕೈದಿಗಳ ವಿಚಾರಣೆಗೆ ಅಂತ ಮಾಡಿದ 2006ರ ಮಿಲಿಟರಿ ಕಮಿಷನ್ಸ್ ಆಕ್ಟ್‌ನಲ್ಲಿ ಚಿತ್ರಹಿಂಸೆಯಿಂದ ಬಂದಿದ್ದು ಬೇಡ ಅಂತಿತ್ತು, ಆದ್ರೆ ಅದಕ್ಕಿಂತ ಸ್ವಲ್ಪ ಕಡಿಮೆ ಒತ್ತಡದಲ್ಲಿ ಪಡೆದ ಹೇಳಿಕೆ ಜಡ್ಜ್‌ಗೆ ನಂಬೋ ಹಾಗಿದ್ರೆ ನಡೀತಿತ್ತು. 2009ರಲ್ಲಿ ಆ ಕಿಂಡಿ ಮುಚ್ಚಿದ್ರು. ನನಗೆ ಹೊಟ್ಟೆ ಉರಿಯೋದು ಇಲ್ಲೇ, ಯಾಕಂದ್ರೆ ಒತ್ತಡದಲ್ಲಿ ಬಂದ ಹೇಳಿಕೆ ತಗೋಬಾರದು ಅನ್ನೋದು ಅಮೆರಿಕದವರಿಗೆ ಹೊಸ ವಿಷಯ ಅಲ್ಲವೇ ಅಲ್ಲ. ಅವರ ಸೈನಿಕರ ಕೋರ್ಟ್ ಮಾರ್ಷಲ್‌ಗೆ ಇರೋ ಕಾನೂನಲ್ಲಿ 31ನೇ ಕಲಂ ಅಂತಿದೆ, 1951ರಿಂದ ಜಾರಿಯಲ್ಲಿದೆ. ಆರೋಪ ಏನು ಅಂತ ಹೇಳಿ, ನೀನು ಉತ್ತರ ಕೊಡಲೇಬೇಕಂತಿಲ್ಲ ಅಂತ ಮೊದಲೇ ತಿಳಿಸ್ದೆ ಪ್ರಶ್ನೆ ಕೇಳೋ ಹಾಗಿಲ್ಲ. ಅಲ್ಲಿನ ಪೊಲೀಸರಿಗೂ ಇಂಥದ್ದೇ ನಿಯಮ ಹಾಕಿದ ಮಿರಾಂಡಾ ತೀರ್ಪು ಬಂದಿದ್ದು 1966ರಲ್ಲಿ, ಅಂದ್ರೆ ಸೈನ್ಯಕ್ಕೆ 15 ವರ್ಷ ಮುಂಚೆ ಬಂತು. ಮೇಲಧಿಕಾರಿ ಕೇಳಿದ ಅಂದ್ರೆ ಜವಾನನ ಬಾಯಿಂದ 'ಎಸ್ ಸರ್' ತಾನಾಗೇ ಬರುತ್ತೆ, ಟ್ರೈನಿಂಗೇ ಹಂಗಿರುತ್ತೆ, ಅದಕ್ಕೇ ಈ ಕಲಂ.

ಪ್ರಶ್ನೆ ಕೇಳಿದವರು:
ಅರ್ಥ ಆಯ್ತು ಸರ್, ಥ್ಯಾಂಕ್ಸ್. ಆದ್ರೆ ಆ 17 ಮನೆಯವರು ಇಷ್ಟು ವರ್ಷದಿಂದ ಕಾಯ್ತಿದಾರಲ್ಲ, ಅವರಿಗೆ ಯಾರು ಉತ್ತರ ಕೊಡ್ತಾರೆ?

ಮೊದಲ ಉತ್ತರದವರು:
ನನಗೂ ಅದೇ ಸಂಕಟ. ಅವರ ಕೇಸ್ ಕೆಡಿಸಿದ್ದು ಜಡ್ಜ್ ಅಲ್ಲ, ಆ ಡ್ರಿಲ್ ಹಿಡಿದು ನಿಂತಿದ್ದವರು.