ಸಹಾಯ ಬೇಕು: ಡಿಆರ್‌ಡಿಒ ಇಂಟರ್ನ್‌ಶಿಪ್ಪಾ, ಅಪ್ರೆಂಟಿಸಾ?

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದಾಳೆ. ಅವಳಿಗೆ ರೇಡಾರ್ ಅಂದ್ರೆ ಪ್ರಾಣ. ಸೇನೆ ಸೇರೋದಲ್ಲ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದಲ್ಲಿ, ಅಂದ್ರೆ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿರೋ ಅದರ ರೇಡಾರ್ ಲ್ಯಾಬ್ ಎಲ್‌ಆರ್‌ಡಿಇಯಂಥ ಕಡೆ ವಿಜ್ಞಾನಿ ಆಗಬೇಕು ಅನ್ನೋದು ಆಸೆ.

ಇಂಟರ್ನ್‌ಶಿಪ್‌ಗೆ ಕಾಲೇಜಿನ ಮೂಲಕವೇ ಅರ್ಜಿ ಹೋಗಬೇಕಂತೆ. ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ, ಅಂಕಪಟ್ಟಿಗಳ ಜೊತೆ ಒಂದೆರಡು ಲ್ಯಾಬ್‌ಗಳಿಗೆ ಕಳಿಸಿದ್ದಾಯ್ತು. ಉತ್ತರವಿಲ್ಲ. ಸೀನಿಯರ್‌ಗಳನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಗೊಂದಲ ಇರೋದು ಇಲ್ಲಿ. ಇಂಟರ್ನ್‌ಶಿಪ್ ಮಾಡಿದ್ರೆ ಕೆಲಸ ಗ್ಯಾರಂಟಿ ಇಲ್ಲ ಅಂತ ಗೊತ್ತು. ಅಲ್ಲಿನ ಆರಂಭದ ವಿಜ್ಞಾನಿ ಹುದ್ದೆ ಸೈಂಟಿಸ್ಟ್ 'ಬಿ'ಗೆ ಗೇಟ್ (ಇಂಜಿನಿಯರಿಂಗ್ ಓದಿದವರ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ನೋಡ್ತಾರೆ, ಆಮೇಲೆ ಸಂದರ್ಶನ. ಗೇಟ್ ಇರೋದು ಫೆಬ್ರವರಿಯಲ್ಲಿ. ಕೊನೇ ಸೆಮಿಸ್ಟರ್ ಇಂಟರ್ನ್‌ಶಿಪ್ ಸಿಕ್ಕರೆ ಅದೂ ಸರಿಯಾಗಿ ಅದೇ ಹೊತ್ತಿಗೆ ಶುರು. ಬೆಂಗಳೂರಲ್ಲಿ ರೂಮು, ಊಟ, ಬಸ್ಸು, ಜೊತೆಗೆ ಓದು ಬೇರೆ. ಡಿಗ್ರಿ ಮುಗಿದ ಮೇಲೆ ಒಂದು ವರ್ಷದ ಗ್ರಾಜುಯೇಟ್ ಅಪ್ರೆಂಟಿಸ್ (ಪದವೀಧರರಿಗೆ ಕೆಲಸದ ತರಬೇತಿ) ಆದ್ರೆ ಸ್ಟೈಪೆಂಡ್ ಆದರೂ ಬರುತ್ತೆ. ಆದರೆ ಅದನ್ನು ಒಮ್ಮೆ ಮಾಡಿದರೆ ಮತ್ತೆ ಬೇರೆ ಕಡೆ ಮಾಡೋ ಹಾಗಿಲ್ಲ. ಸುಮ್ನೆ ಸಿಕ್ಕಿದ್ದಕ್ಕೆ ಸೇರಿಸೋಕೆ ಮನಸ್ಸಿಲ್ಲ.

ಡಿಆರ್‌ಡಿಒದಲ್ಲಿ ಇರುವವರು, ಸಂದರ್ಶನ ಎದುರಿಸಿದವರು ದಯವಿಟ್ಟು ಹೇಳಿ: ಲ್ಯಾಬ್‌ನಲ್ಲಿ ಮಾಡಿದ ಪ್ರಾಜೆಕ್ಟ್ ಬಗ್ಗೆ ಸಂದರ್ಶನದಲ್ಲಿ ನಿಜವಾಗ್ಲೂ ಕೇಳ್ತಾರಾ? ಈಗ ಇಂಟರ್ನ್‌ಶಿಪ್ ಬಿಟ್ಟು ಗೇಟ್ ಓದಿಕೊಂಡು, ಆಮೇಲೆ ಅಪ್ರೆಂಟಿಸ್‌ಗೆ ಅರ್ಜಿ ಹಾಕೋದು ಒಳ್ಳೇದಾ?