ಕರಾವಳಿಯನ್ನು ಊರವರೇ ಕಾಯ್ದರೆ: ಒಂದು ಕಡೆ ಉಳಿದದ್ದು, ಇನ್ನೊಂದು ಕಡೆ ಮುರಿದದ್ದು ಏಕೆ?

ಪ್ರಶ್ನೆ (ಧಾರವಾಡದಿಂದ)

ಅಭಿವೃದ್ಧಿಶೀಲ ದೇಶಗಳಲ್ಲಿ ಮೀನುಗಾರರೇ ಕರಾವಳಿಯನ್ನು ನಿರ್ವಹಿಸಿದ ಪ್ರಯೋಗಗಳ ಕುರಿತು ಎಂ.ಎ. ಸೆಮಿನಾರಿಗೆ ಪ್ರಬಂಧ ಬರೆಯುತ್ತಿದ್ದೇನೆ. ನಾನು ಓದಿದ ವರದಿಗಳಲ್ಲಿ ‘ಜನರ ಸಹಭಾಗಿತ್ವ’ ಎಂಬ ಮಾತು ಪುಟಕ್ಕೆರಡು ಸಲ ಬರುತ್ತದೆಯೇ ಹೊರತು, ಒಂದೂರಿನಲ್ಲಿ ಉಳಿದ ಕಟ್ಟಳೆ ಪಕ್ಕದೂರಿನಲ್ಲಿ ಏಕೆ ಮುರಿಯಿತು ಎಂಬುದು ಸಿಗುವುದಿಲ್ಲ. ಬಲ್ಲವರು ದಯವಿಟ್ಟು ತಿಳಿಸಿರಿ.

ಉತ್ತರ (ಹಾವೇರಿಯಿಂದ)

ಫಿಲಿಪ್ಪೀನ್ಸಿನ ಎರಡು ದ್ವೀಪಗಳನ್ನು ಜೊತೆಗಿಟ್ಟು ನೋಡಿರಿ. ಸುಮಿಲೋನ್ ದ್ವೀಪದ ಹವಳದ ದಿಬ್ಬದ ಒಂದು ಭಾಗದಲ್ಲಿ 1974ರಲ್ಲಿ ಮೀನುಗಾರಿಕೆ ನಿಂತದ್ದು ಸಿಲಿಮನ್ ವಿಶ್ವವಿದ್ಯಾಲಯದ ಕಡಲಜೀವಿ ವಿಜ್ಞಾನಿ ಏಂಜೆಲ್ ಅಲ್ಕಾಲಾ ಅವರ ಮುತುವರ್ಜಿಯಿಂದ. ಸ್ಥಳೀಯ ಆಡಳಿತ ಬದಲಾದ ಮೇಲೆ, 1984ರಲ್ಲಿ, ಆ ನಿರ್ಬಂಧ ಮುರಿದುಬಿತ್ತು. ಒಂದೆರಡು ವರ್ಷಗಳಲ್ಲಿ ಮೀನಿನ ಇಳುವರಿ ಸುಮಾರು ಅರ್ಧಕ್ಕೆ ಇಳಿಯಿತು. ಆಪೊ ದ್ವೀಪದಲ್ಲಿ ಅದೇ ಅಲ್ಕಾಲಾ ಬೇರೆ ದಾರಿ ಹಿಡಿದರು. ಅಲ್ಲಿಯ ಮೀನುಗಾರರನ್ನು ಸುಮಿಲೋನಿಗೆ ಕರೆದೊಯ್ದು ಮೀನಿನ ದಟ್ಟಣೆಯನ್ನು ಕಣ್ಣಾರೆ ತೋರಿಸಿದರು. 1982ರಲ್ಲಿ ದ್ವೀಪದವರು ಒಪ್ಪಿ ಸುಮಾರು 450 ಮೀಟರ್ ತೀರವನ್ನಷ್ಟೇ ಮುಚ್ಚಿದರು. ದಂಡೆಯ ಮೇಲೆ ಕುಳಿತ ಒಬ್ಬನ ಕಣ್ಣಿಗೆ ಪೂರ್ತಿ ಕಾಣುವಷ್ಟು ಜಾಗವಾದ್ದರಿಂದ ಮನೆಗಳವರು ಸರದಿಯಂತೆ ಕಾವಲು ಕೂತರು. ನಮ್ಮೂರ ಕೆರೆಯಲ್ಲಿಯೂ ತೂಬಿನ ಕೀಲಿ ಕೆಳಗಿನ ಹೊಲದವರ ಕೈಯಲ್ಲಿದ್ದಷ್ಟು ಕಾಲ ಜಗಳವಿದ್ದರೂ ನೀರು ಪೋಲಾಗುತ್ತಿರಲಿಲ್ಲ.

ಉತ್ತರ (ಹುಬ್ಬಳ್ಳಿಯಿಂದ)

ಹಾವೇರಿಯ ಸರ್ ಹೇಳಿದ್ದು ಸರಿ, ಆದರೆ ‘ಊರವರು’ ಎಂದರೆ ಯಾರು? ನನ್ನ ತವರು ಕುಮಟಾ ಕಡೆ. ಅಘನಾಶಿನಿ ನದಿ ಕಡಲು ಸೇರುವಲ್ಲಿಯ ಗಜನಿ (ಉಪ್ಪುನೀರಿನ ತಗ್ಗು) ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ಕೊಯ್ಲಾದ ಮೇಲೆ ಉಬ್ಬರದ ನೀರನ್ನು ಒಳಗೆ ಬಿಟ್ಟು ಮೀನು, ಸಿಗಡಿ ಹಿಡಿಯುವ ಪದ್ಧತಿಯನ್ನು ರೈತರೇ ಕೂಡಿ ನಡೆಸುತ್ತ ಬಂದಿದ್ದಾರೆ. ಸಿಗಡಿಗೆ ಬೆಲೆ ಏರಿದಂತೆ ಕಗ್ಗ ಹಿಂದೆ ಸರಿಯಿತು. ನನ್ನ ಚಿಕ್ಕಮ್ಮ ಇಳಿತದ ಹೊತ್ತಿಗೆ ಮೊಣಕಾಲುದ್ದದ ಕೆಸರಿನಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸಿ ಬುಟ್ಟಿ ತುಂಬುತ್ತಿದ್ದಳು. ಗದ್ದೆಯಿಲ್ಲದ ಅವಳನ್ನು ನೀರು ಯಾವಾಗ ಬಿಡಬೇಕೆಂಬ ಸಭೆಗೆ ಒಮ್ಮೆಯೂ ಯಾರೂ ಕರೆಯಲಿಲ್ಲ.

ಉತ್ತರ (ಗದಗಿನಿಂದ)

ಇನ್ನೊಂದು ಮಗ್ಗಲನ್ನೂ ಸೇರಿಸುತ್ತೇನೆ. ಫಿಲಿಪ್ಪೀನ್ಸಿನಲ್ಲಿ 1991ರ ಸ್ಥಳೀಯ ಆಡಳಿತ ಸಂಹಿತೆ ದಡದಿಂದ 15 ಕಿ.ಮೀ. ವರೆಗಿನ ನೀರನ್ನು ಪುರಸಭೆಗಳಿಗೆ ವಹಿಸಿತು. ಊರ ನಿರ್ಣಯಕ್ಕೆ ಕಾನೂನಿನ ಬೆನ್ನು ಸಿಕ್ಕಿದ್ದು ಹಾಗೆ. ಆದರೆ 1994ರಲ್ಲಿ ಆಪೊ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾದಾಗ ಆಡಳಿತ ಹೊರಗಿನವರೂ ಇರುವ ಮಂಡಳಿಗೆ ಹೋಯಿತು, ಪ್ರವಾಸಿ ಶುಲ್ಕದ ಪಾಲು ತಡವಾಗಿ ಬರುತ್ತದೆಂದು ದ್ವೀಪದವರು ದೂರಿದರು. 2024ರ ಜನವರಿಯಲ್ಲಿ ಅಘನಾಶಿನಿಯ ಜೊತೆಗೇ ನಮ್ಮ ಮಾಗಡಿ ಕೆರೆಯೂ ರಾಮ್ಸರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ, ಸೇರಿದೆ. ಆ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳು ರೈತರ ಹೊಲಗಳಲ್ಲಿ ಮೇಯುತ್ತವೆ. ಪಟ್ಟಿಯ ಹೆಸರು ಊರಿಗೆ, ಮೇವಿನ ಲೆಕ್ಕ ಹೊಲದವನಿಗೆ.

ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಹುಬ್ಬಳ್ಳಿಯ ಮೇಡಂ, ಬಳಚು ಆರಿಸುವವರನ್ನು ಮಾತನಾಡಿಸಲು ಕುಮಟಾಕ್ಕೆ ಯಾವ ತಿಂಗಳು ಹೋಗುವುದು ಒಳ್ಳೆಯದು?